ಪಾಚಿಗೆ ದೃಷ್ಟಿ ತೆಗೆದದ್ದು

ಈ ಜನ್ಮದಲ್ಲಿ ನಾನು ಉಜ್ಜಿ ತೆಗೆದ ಪಾಚಿಯನ್ನೆಲ್ಲ ಒಟ್ಟಿಗೆ ಹಾಸಿದರೆ ನಂಜನಗೂಡಿನಿಂದ ತಿರುಮಕೂಡಲಿನವರೆಗೆ ಕಪಿಲೆಯ ಎರಡೂ ದಡ ಮುಚ್ಚಿ ಇನ್ನೊಂದಿಷ್ಟು ಮಿಗುತ್ತಿತ್ತು. ಬಚ್ಚಲ ಕಲ್ಲಿನ ಪಾಚಿ, ತೊಟ್ಟಿಯ ಪಾಚಿ, ದನ ನೀರು ಕುಡಿಯುವ ಬಾನಿಯ ಪಾಚಿ. ಅದರ ಮೇಲೆ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡವಳೂ ನಾನೇ. ಅಂಥ ಪಾಚಿಯನ್ನು ನನ್ನ ಮೊಮ್ಮಗಳು ಶಿವರಂಜನಿ, ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡ ಹಾಗೆ ಇಟ್ಟುಕೊಂಡು, ಒಂದು ಭಾನುವಾರ ಮೈಸೂರಿನಿಂದ ಬಿಳಿಗೆರೆಗೆ ಬಸ್ಸಿನಲ್ಲಿ ಬಂದಳು. ನಿಂತವರಿಗೆ ಉಸಿರಾಡಲೂ ಜಾಗವಿಲ್ಲದ ಬಸ್ಸು ಅದು. ಪಾಚಿಗೆ ಮಾತ್ರ ಕಿಟಕಿ ಪಕ್ಕದ ಸೀಟು.

"ಇದೇನೇ ಇದು? ಬಚ್ಚಲ ಗಲೀಜ ಡಬ್ಬಿಗೆ ತುಂಬ್ಕೊಂಡ್ ಬಂದಿದೀಯ?" ಎಂದೆ.

"ಗಲೀಜಲ್ಲ ಕಣಜ್ಜಿ. ಇದಕ್ಕೆ ಜೀವ ಅದೆ. ಮೆಲ್ಲಗೆ ಹಿಡ್ಕೋ."

ಗಾಜಿನಂಥ ಡಬ್ಬಿಯೊಳಗೆ ತಿಳಿನೀರು. ನೀರಿನಲ್ಲಿ ಅಂಗೈ ಅಗಲದ ಒಂದು ಹಸಿರು ಜಾಲರಿ. ಒತ್ತುಶ್ಯಾವಿಗೆಯ ಎಳೆಗಳನ್ನು ಉದ್ದಕ್ಕೊಂದು ಸಾಲು, ಅಡ್ಡಕ್ಕೊಂದು ಸಾಲು ಜೋಡಿಸಿದ ಹಾಗಿತ್ತು. ಮುಟ್ಟಿದರೆ ತಾಟಿನಿಂಗಿನ ತಿರುಳಿನಂತೆ ಮೆತ್ತಗೆ. ಮೈಸೂರಿನಲ್ಲಿ ಅವಳು ಕೆಲಸ ಮಾಡುವ ಲ್ಯಾಬಿನಲ್ಲಿ ಇದನ್ನು ಮಾಡುವ ಒಂದು ಮಿಷನ್ನು ಇದೆಯಂತೆ. ಕಡಲ ಸೊಪ್ಪಿನಿಂದ ತೆಗೆದ ಅಂಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ಕಲಸಿ, ಡಾಕ್ಟರರ ಸಿರಿಂಜಿಗೆ ತುಂಬಿ ಆ ಮಿಷನ್ನಿಗೆ ಸಿಕ್ಕಿಸಿದರೆ, ಅದೇ ತಾನಾಗಿ ಎಳೆ ಮೇಲೆ ಎಳೆ ಹಾಕುತ್ತದಂತೆ. ಮೇಲೆ ಕ್ಯಾಲ್ಸಿಯಂ ನೀರು ಹುಯ್ದರೆ ಮೊಸರು ಹೆಪ್ಪುಗಟ್ಟಿದ ಹಾಗೆ ಗಟ್ಟಿಯಾಗುತ್ತದಂತೆ. ಪಾಚಿ ಅದರೊಳಗೇ ಮನೆ ಮಾಡಿಕೊಂಡು, ಮಕ್ಕಳುಮರಿ ಹಾಕಿ, ದಿನದಿನಕ್ಕೂ ಹಸಿರಾಗುತ್ತದೆ.

"ಅದಕ್ಕ್ಯಾಕೆ ಇಷ್ಟು ಕಸೂತಿ? ಮುದ್ದೆ ಕಟ್ಟಿ ಎಸೆದ್ರಾಗ್ತಿರ್ಲಿಲ್ವಾ?"

"ಮುದ್ದೆ ಮಾಡಿದ್ರೆ ನಡುವೆ ಇರೋವು ಬೆಳಕಿಲ್ದೆ ಸಾಯ್ತವೆ ಅಜ್ಜಿ. ಜಾಲರಿ ಮಾಡಿದ್ರೆ ಎಲ್ಲಕ್ಕೂ ಬೆಳಕು, ಎಲ್ಲಕ್ಕೂ ನೀರು."

ನಮ್ಮೂರ ಡೈರಿಯಲ್ಲಿ ಹಾಲಿನ ಕ್ಯಾನು ತೊಳೆದ ನೀರು ಹರಿದು, ಆ ಬೀದಿಯಲ್ಲಿ ದೆವ್ವ ಕೂಡ ಮೂಗು ಮುಚ್ಚಿಕೊಂಡು ಓಡಾಡುತ್ತದೆ. ಈ ಜಾಲರಿಯನ್ನು ತೊಟ್ಟಿಗೆ ಇಳಿಬಿಟ್ಟರೆ ನೀರಿನ ಕೊಳೆಯನ್ನು ಪಾಚಿಯೇ ತಿಂದು ಬೆಳೆಯುತ್ತದೆ ಎನ್ನುವುದು ಶಿವರಂಜನಿಯ ಲೆಕ್ಕ. ಆದರೆ ಅದಕ್ಕೆ ಮೊದಲು ಇದು ಲ್ಯಾಬಿನ ಹೊರಗೆ, ನಮ್ಮಂಥವರ ಕಿಟಕಿಯಲ್ಲಿ ಬದುಕೀತೇ ಎಂದು ನೋಡಬೇಕು.

"ಎರಡು ಡಬ್ಬಿ ತಂದಿದೀನಿ. ಒಂದು ನಿಂಗೆ, ಒಂದು ದೊಡ್ಡಜ್ಜಿಗೆ. ಯಾವುದು ಚೆನ್ನಾಗಿ ಬೆಳೀತದೋ ಅದನ್ನೇ ಎಲ್ಲಾರ ಮುಂದೆ ಡೈರಿ ತೊಟ್ಟಿಗೆ ಇಳಿಸೋದು."

ದೊಡ್ಡಜ್ಜಿ ಎಂದಳು ನೋಡಿ, ಅಲ್ಲಿಗೆ ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿತು.

ದೊಡ್ಡಜ್ಜಿ ಎಂದರೆ ನನ್ನ ವಾರಗಿತ್ತಿ ನೀಲಮ್ಮಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಮನೆಯನ್ನು ನಡುಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಆ ಕಡೆ ಅವಳು ಕೆಮ್ಮಿದರೆ ಈ ಕಡೆ ನನ್ನ ಗಂಟಲು ಕೆರೆಯುತ್ತದೆ. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ಸುಖವಿತ್ತು, ಬೀದಿಯಲ್ಲಿ ನಿಂತು ಬೈದು ಒಳಗೆ ಬಂದು ಹಾಯಾಗಿ ಮಲಗಬಹುದಿತ್ತು. ಅವಳಿಗಿರುವುದು ಕೈಗುಣ. ಅವಳು ಊರಿದ ಕಡ್ಡಿಯೂ ಚಿಗುರುತ್ತದೆ ಎಂದು ಸುತ್ತ ಊರೆಲ್ಲ ಹೇಳುತ್ತದೆ. ಭತ್ತದ ಸಸಿಗೆ ಒಟ್ಟಲು ಬಿಡಲಿ, ಸೊಸೆಯೊಬ್ಬಳು ಮೊದಲ ಸಲ ಉಪ್ಪಿನಕಾಯಿ ಹಾಕಲಿ, ಮೊದಲು ಅವಳ ಕೈ ಸೋಕಬೇಕು. ಅವಳು ಹೆಪ್ಪು ಹಾಕಿದ ಮೊಸರನ್ನು ಚಾಕುವಿನಲ್ಲಿ ಕುಯ್ಯಬೇಕು, ಅಷ್ಟು ಗಟ್ಟಿ. ನನ್ನ ಮೊಸರನ್ನು ಲೋಟಕ್ಕೆ ಬಗ್ಗಿಸಿ ಕುಡಿಯಬಹುದು.

ಊರು ಏನಾದರೂ ಅಂದುಕೊಳ್ಳಲಿ, ಕಟ್ಟಿಕೊಂಡ ಗಂಡನೂ ಹಾಗೇ ಅಂದರೆ? ನನ್ನ ಯಜಮಾನರು ಮಹಾದೇವಸ್ವಾಮಿ, ಮೊದಲ ಬಾರಿಗೆ ರಸಬಾಳೆ ಹಾಕಿದ ದಿನ ಗುಂಡಿ ತೆಗೆದು, ಗೊಬ್ಬರ ಹಾಕಿ, ಬಾಳೆ ಕಂದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ನಾನು ಸೆರಗು ಸಿಕ್ಕಿಸಿ ಮುಂದೆ ಬಂದೆ. "ಓಗು, ಅತ್ತಿಗೆಮ್ಮನ ಕರ್ಕೊಂಡ್ ಬಾ. ಮೊದಲ್ನೇದು ಅವರ ಕೈಲಿ ಇಡ್ಸಾನ" ಎಂದರು. ನಾನೇ ಹೋಗಿ ಕರೆತಂದೆ. ಅವಳು ಕಂದು ಇಟ್ಟಳು. ನಾನು ನೀರಿನ ಬಿಂದಿಗೆ ಹಿಡಿದು ನಿಂತಿದ್ದೆ. ಆ ಗುಂಡಿಯಲ್ಲಿ ಎದ್ದ ಗೊನೆ ನನ್ನೆತ್ತರ ಇತ್ತು. ಹಣ್ಣು ಜೇನು. ನನಗೆ ಒಂದೊಂದು ಹಣ್ಣೂ ಬೇವಾಗಿ ಗಂಟಲಲ್ಲಿ ಇಳಿಯಿತು. ಯಜಮಾನರು ಹೋಗಿ ಎಷ್ಟೋ ವರ್ಷವಾಯಿತು, ಆ ಬಿಂದಿಗೆಯನ್ನು ನಾನಿನ್ನೂ ಕೆಳಗಿಟ್ಟಿಲ್ಲ.

ಅದಕ್ಕೇ ಶಿವರಂಜನಿಯನ್ನು ಕೇಳಿದೆ: "ಎರಡೂ ಒಂದೇ ತರವೇನೇ? ಅವಳದಕ್ಕೆ ಜಾಸ್ತಿಗೀಸ್ತಿ ಹಾಕಿಲ್ಲ ತಾನೆ?"

"ಒಂದೇ ಸಿರಿಂಜು, ಒಂದೇ ಪಾಚಿ, ಒಂದೇ ದಿನ ಮಾಡಿದ್ದು ಕಣಜ್ಜಿ. ಅವಳಿ ಮಕ್ಕಳು."

ನನ್ನ ಮನಸ್ಸು ಕುಣಿಯಿತು. ಬೀಜ ಒಂದೇ, ನೀರು ಒಂದೇ. ಈಗ ಗೊತ್ತಾಗಲಿ ಯಾರ ಕೈ ಹೇಗೆಂದು.

ಶಿವರಂಜನಿ ಹೇಳಿಕೊಟ್ಟ ಕೆಲಸ ದೊಡ್ಡದಲ್ಲ. ಬೆಳಕಿರುವ ಕಡೆ ಇಡುವುದು, ಸುಡುಬಿಸಿಲಿಗೆ ಬಿಡದಿರುವುದು, ನೀರು ಇಳಿದರೆ ಅವಳು ಕೊಟ್ಟ ಬಾಟಲಿಯ ನೀರನ್ನೇ ತುಂಬುವುದು, ಆಗಾಗ ಮೆಲ್ಲಗೆ ಅಲುಗಿಸುವುದು. ನಾನು ಅದನ್ನು ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿಟ್ಟೆ. ಬಿಸಿಲು ಜೋರಾದರೆ ಹಳೆಯ ವಾಯಿಲ್ ಸೀರೆಯ ಚೂರನ್ನು ಇಳಿಬಿಟ್ಟೆ. ತೊಟ್ಟಿಲು ತೂಗಿದ ಹಾಗೆ ತೂಗಿದೆ. ನನ್ನ ಮಗ ರುದ್ರೇಶನನ್ನು ಬೆಳೆಸುವಾಗಲೂ ಇಷ್ಟು ಬಾಗಿ ನೋಡಿರಲಿಲ್ಲ. ಅವನು ಅದನ್ನು ನೋಡಿ, "ಅವ್ವ, ನಂಗೆ ಕಾಪಿ ಕೊಟ್ಟು ಆಮೇಲೆ ನಿನ್ ಪಾಚಿಗೆ ಕೊಡು" ಎಂದು ಗೊಣಗಿದ.

ಕೆಲಸವಿದೆಯೋ ಇಲ್ಲವೋ, ನಾನು ಹಿತ್ತಿಲಿಗೆ ಹೋಗಿ ನಡುಗೋಡೆಯ ಮೇಲೆ ಕತ್ತು ಚಾಚಿ ಅವಳ ಕಿಟಕಿ ನೋಡುತ್ತಿದ್ದೆ. ನನ್ನ ಕತ್ತು ಕೊಕ್ಕರೆಯಷ್ಟು ಉದ್ದವಾಯಿತು. ಅವಳ ಕಿಟಕಿ ಪಡುವಣಕ್ಕೆ, ಎದುರಿಗೆ ನುಗ್ಗೆಮರದ ನೆರಳು. ಅವಳ ಜಾಲರಿ ಇನ್ನೂ ಎಳೆ ಹುಲ್ಲಿನ ಬಣ್ಣದಲ್ಲಿದ್ದಾಗ ನನ್ನದು ಮದುವಣಗಿತ್ತಿಯ ರೇಷ್ಮೆ ಸೀರೆಯ ಹಸಿರಿಗೆ ತಿರುಗಿತ್ತು. ಎಳೆಎಳೆಯೂ ದಪ್ಪವಾಗಿ, ನಡುವೆ ಮುತ್ತಿನಂಥ ಗುಳ್ಳೆ ಕಟ್ಟಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ ಕೈ ಗೆದ್ದಿತ್ತು. ನನಗೆ ಅನ್ನ ಸೇರಲಿಲ್ಲ, ಸಂತೋಷದಲ್ಲೇ ಹೊಟ್ಟೆ ತುಂಬಿ.

ಆಗ ನೀಲಮ್ಮಣ್ಣಿ ನನ್ನ ಅಡುಗೆಮನೆಗೆ ಬಂದಳು. ಸಕ್ಕರೆ ಬೇಕು ಎನ್ನುವುದು ನೆವ. ಸೀದಾ ಕಿಟಕಿಯ ಹತ್ತಿರ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಕಣ್ಣಗಲಿಸಿ ನಿಂತಳು.

"ಅಯ್ಯೋ ಶಿವನೇ! ಎಷ್ಟು ಚೆಂದಾಗದೆ ಕಣೇ ಸಿದ್ದಲಿಂಗಿ ನಿಂದು! ಕಣ್ಣು ಕೀಳಕಾಯ್ತಿಲ್ಲ!"

ಕಣ್ಣು ಕೀಳಕಾಗುತ್ತಿಲ್ಲವಂತೆ! ಅಂಥ ಮಾತು ಆಡಿದ ಮೇಲೆ ಕರೆಯುವ ಹಸು ಒದೆಯುತ್ತದೆ, ಆಡುವ ಕೂಸು ಹಾಲು ಕಕ್ಕುತ್ತದೆ. ನಾನು ಆ ಕ್ಷಣವೇ ಒಂದು ನಿಂಬೆಹಣ್ಣು ಕುಯ್ದು, ಕುಂಕುಮ ಹಚ್ಚಿ, ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು ಬಂದೆ.

"ಇದೇನೇ ಇದು?" ಎಂದಳು ನೀಲಮ್ಮಣ್ಣಿ.

"ದೃಷ್ಟಿ ತೆಗೀತೀನಿ, ಇನ್ನೇನು?"

"ನನ್ ಕಣ್ಣು ಬಿತ್ತು ಅಂತೀಯಾ?"

"ನಿನ್ ಕಣ್ಣು ಅಂತ ನಾನೆಲ್ಲಂದೆ ಅಕ್ಕ? ಊರ ಕಣ್ಣು ಅಂದೆ. ಊರೊಳಗೆ ನೀನೂ ಇದೀಯ, ಅದಕ್ಕೆ ನಾನೇನ್ ಮಾಡ್ಲಿ?"

"ಪಾಚಿಗೂ ದೃಷ್ಟಿ ಆದದಾ, ತಲೆಗಿಲೆ ಕೆಟ್ಟದಾ ನಿಂಗೆ?"

"ಜೀವ ಅದೆ ಅಂತ ನಿನ್ ಮೊಮ್ಮಗಳೇ ಹೇಳವ್ಳೆ. ಜೀವ ಅದೆ ಅಂದ್ಮೇಲೆ ದೃಷ್ಟಿ ಆಗ್ದೆ ಇದ್ದದಾ?"

ಅವಳು ಸಕ್ಕರೆಯನ್ನೂ ಮರೆತು ಧಡಧಡನೆ ಹೋದಳು. ನಾನು ಡಬ್ಬಿಯ ಸುತ್ತ ನಿವಾಳಿಸಿದೆ. ಬೇರೆಯವರಾದರೆ ಅಷ್ಟಕ್ಕೆ ನಿಂಬೆಹಣ್ಣನ್ನು ಬೀದಿಗೆ ಎಸೆಯುತ್ತಾರೆ. ನಮ್ಮತ್ತೆಯದು ಇನ್ನೂ ಒಂದು ಕೈ ಮುಂದೆ. ಹಸುವಿಗೆ ದೃಷ್ಟಿಯಾದರೆ ನಿವಾಳಿಸಿದ ನಿಂಬೆಯ ಒಂದು ಹೋಳಿಗೆ ಉಪ್ಪು ಒತ್ತಿ ಅದರ ನಾಲಿಗೆಗೆ ತಿಕ್ಕುತ್ತಿದ್ದರು, ಒಳಗೆ ಹೋದ ಕಣ್ಣೂ ಇಳಿದುಹೋಗಲಿ ಎಂದು. ಪಾಚಿಗೆ ನಾಲಿಗೆ ಎಲ್ಲಿ ಹುಡುಕಲಿ? ಆ ಹೋಳನ್ನು ಉಪ್ಪಿನ ಸಮೇತ ಡಬ್ಬಿಯ ನೀರಿಗೇ ಚೆನ್ನಾಗಿ ಹಿಂಡಿದೆ. ಇನ್ನೊಂದು ಹೋಳು ಬೇಕಾಗಲಿಲ್ಲ, ಗೋಡೆಯ ಗೂಡಿನಲ್ಲಿಟ್ಟೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಜಾಲರಿಯೇ ಇಲ್ಲ. ಡಬ್ಬಿಯ ತುಂಬ ಹಸಿರು ಗಂಜಿ. ಕೈ ಹಾಕಿದರೆ ಬೆರಳ ಸಂದಿಯಲ್ಲಿ ಲೋಳೆ ಲೋಳೆಯಾಗಿ ಇಳಿಯಿತು. ನಾನು ಹಾಕಿದ ಕೂಗಿಗೆ ಮುಡುಕುತೊರೆ ಬೆಟ್ಟದ ಕೋತಿಗಳೆಲ್ಲ ಎದ್ದು ಕೂತಿರಬೇಕು.

ರುದ್ರೇಶ ಮಗಳಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಡಬ್ಬಿಯ ಮೇಲೆ ಹಿಡಿದ. ಶಿವರಂಜನಿ ಫೋನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಅಜ್ಜಿ, ಏನ್ ಹಾಕ್ದೆ ಇದಕ್ಕೆ?"

"ಏನೂ ಇಲ್ಲ ಕಣವ್ವ. ನಿಮ್ ದೊಡ್ಡಜ್ಜಿ ಕಣ್ ಹಾಕುದ್ಲು. ನಾನು ಒಂದೀಟು ನಿಂಬೆಹಣ್ಣು ಹಿಂಡ್ದೆ."

"ನಿಂಬೆಹಣ್ಣಾ?" ಎಂದು ಹಣೆ ಹಿಡಿದುಕೊಂಡಳು. "ಅಯ್ಯೋ ಅಜ್ಜಿ! ಆ ಅಂಟನ್ನ ಗಟ್ಟಿಯಾಗಿ ಹಿಡ್ಕೊಂಡಿರೋದೇ ಕ್ಯಾಲ್ಸಿಯಂ. ಉಪ್ಪು, ನಿಂಬೆಹುಳಿ ಸೇರಿದ್ರೆ ಅದನ್ನ ಎಳ್ಕೊಂಡ್ಬಿಡ್ತವೆ. ಎಲ್ಲಾ ಬಿಚ್ಚೋಗ್ತದೆ. ದೊಡ್ಡಜ್ಜಿ ಕಣ್ಣಲ್ಲ ಕಣಜ್ಜಿ, ನಿನ್ ನಿಂಬೆಹಣ್ಣು."

"ಸತ್ತೋಯ್ತಾ?"

"ಪಾಚಿ ಇನ್ನೂ ಒಂದಿಷ್ಟು ಬದುಕಿರಬೋದು. ಜಾಲರಿ ಹೋಯ್ತಲ್ಲ." ಆಮೇಲೆ ಮೆಲ್ಲಗೆ ಹೇಳಿದಳು, "ನಿಂದೇ ಮುಂದಿತ್ತು ಅಜ್ಜಿ. ಅಪ್ಪ ಕಳಿಸಿದ ಫೋಟೋ ನೋಡಿ ನಾನು ಲ್ಯಾಬಲ್ಲಿ ಎಲ್ಲಾರ್ಗೂ ತೋರಿಸಿದ್ದೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗೆದ್ದಿದ್ದೆ, ಗೆದ್ದದ್ದನ್ನು ನನ್ನ ಕೈಯಾರೆ ಹಿಂಡಿ ಹಾಕಿದ್ದೆ. ಇನ್ನು ಡೈರಿಯ ಮುಂದೆ ಊರೆಲ್ಲ ಸೇರಿ ಆ ನೀಲಮ್ಮಣ್ಣಿಯ ಡಬ್ಬಿಯನ್ನು ಮೆರೆಸುವುದನ್ನು ನಾನು ನೋಡಬೇಕು. ಮತ್ತೆ ಬಿಂದಿಗೆ ಹಿಡಿದು ನಿಲ್ಲಬೇಕು.

ಗೂಡಿನಲ್ಲಿ ಇನ್ನೊಂದು ಹೋಳು ನಿಂಬೆಹಣ್ಣಿತ್ತು.

ಕಾಲು ತಾನಾಗೇ ನಡೆಯಿತು. ಹೋಳನ್ನು ಸೆರಗಿನ ಮರೆಯಲ್ಲಿ ಹಿಡಿದು ಹಿತ್ತಿಲಿನಿಂದ ಅವರ ಮನೆಗೆ ಹೋದೆ. ನೀಲಮ್ಮಣ್ಣಿ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಡಬ್ಬಿ ಕಿಟಕಿಯಲ್ಲಿ, ಕೈಗೆಟಕುವ ಹಾಗೆ ಕೂತಿತ್ತು. ಇನ್ನೇನು ಎನ್ನುವಾಗ ಕಿಟಕಿಯ ಕೆಳಗಿನಿಂದ ಯಾರೋ ಕೆಮ್ಮಿದರು. ನೋಡಿದರೆ ಭಾವ, ನೀಲಮ್ಮಣ್ಣಿಯ ಗಂಡ ದೊಡ್ಡಸಿದ್ದಯ್ಯ, ಮಣೆಯ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾರೆ.

"ಏನವ್ವ ಸಿದ್ದಲಿಂಗಮ್ಮ, ಕೈಲೇನದು?"

"ನಿಂಬೆಹಣ್ಣು ಭಾವ. ಬಿಸ್ಲು ಜೋರಲ್ವಾ, ನಿಮಗೆ ಪಾನಕ ಮಾಡ್ಕೊಡಾನ ಅಂತ."

"ಬೆಳ್ಳಂಬೆಳಿಗ್ಗೇನಾ?"

"ಮಧ್ಯಾನಕ್ಕೆ ನಂಗೆ ಮರ್ತೋಯ್ತದೆ."

ಪಾನಕ ಮಾಡಿಕೊಟ್ಟೆ. ಅವರು ಮುಖ ಹಿಂಡಿಕೊಂಡು ಪೂರ್ತಿ ಕುಡಿದರು. ಭಾವ ಅಲ್ಲಿ ಕೂತಿರದಿದ್ದರೆ ಏನು ಮಾಡುತ್ತಿದ್ದೆನೋ ಶ್ರೀಕಂಠೇಶ್ವರನೇ ಬಲ್ಲ. ನನ್ನನ್ನು ಕೇಳಬೇಡಿ.

ಡೈರಿಯ ದಿನ ಬಂತು. ಶಿವರಂಜನಿ ಮಿಷನ್ನನ್ನೇ ಕಾರಿನಲ್ಲಿ ತಂದಿದ್ದಳು, ಜಾಲರಿ ಹೇಗೆ ಬೀಳುತ್ತದೆ ಎಂದು ಜನಕ್ಕೂ ತೋರಿಸೋಣ ಎಂದು. ದೊಡ್ಡ ಮಿಕ್ಸಿಯಷ್ಟು ಎತ್ತರ, ಮೇಲೊಂದು ಸಿರಿಂಜು, ಅದಕ್ಕೊಂದು ಸೂಜಿ, ಕೆಳಗೆ ಗಾಜಿನ ತಟ್ಟೆ. ನಮ್ಮ ಚಕ್ಕುಲಿ ಒರಳಿಗೆ ಕರೆಂಟು ಕೊಟ್ಟು, ಕಾಲೇಜಿಗೆ ಕಳಿಸಿ ಓದಿಸಿದ ಹಾಗಿತ್ತು. ಹಾಲು ಹಾಕಲು ಬಂದವರು ಯಾರೂ ಮನೆಗೆ ಹೋಗಲಿಲ್ಲ. ನನಗಂತೂ ಇಡೀ ತಾಲ್ಲೂಕೇ ಬಂದು ನಿಂತಂತೆ ಕಂಡಿತು. ನೀಲಮ್ಮಣ್ಣಿ ಮಗ್ಗದ ಸೀರೆಯುಟ್ಟು, ಹೂ ಮುಡಿದು, ಡಬ್ಬಿಯನ್ನು ಕಳಶದಂತೆ ಹಿಡಿದು ಬಂದಳು. ಅವಳ ಜಾಲರಿಯನ್ನು ತೊಟ್ಟಿಗೆ ಇಳಿಬಿಟ್ಟಾಗ ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ನನ್ನ ಎಡಗೈಗೆ ನನ್ನ ಬಲಗೈ ಹೊಡೆದಷ್ಟು ಜೋರಾಗಿ ಯಾರೂ ಹೊಡೆದಿರಲಾರರು.

ಆಮೇಲೆ ಮಿಷನ್ನಿನ ಸರದಿ. ಡೈರಿ ಅಧ್ಯಕ್ಷ ಶಿವಮಲ್ಲಪ್ಪ ಎದ್ದು ನಿಂತ. "ಒಳ್ಳೆ ಕೆಲ್ಸ ಕಣವ್ವ. ಮೊದ್ಲು ನೀಲಮ್ಮಣ್ಣಿಯವರ ಕೈಲೇ ಗುಂಡಿ ಒತ್ಸು. ಅವ್ರ ಕೈ ಬಿದ್ರೆ ಕಲ್ಲೂ ಕಾಯಿ ಬುಡ್ತದೆ" ಎಂದ. ಎಂದವನು ಸುಮ್ಮನೆ ಕೂತನೇ? ಹಾಲಿನ ಕೊಬ್ಬಿನಿಂದ ಹಿಡಿದು ಹಿಂದಿನ ಅಧ್ಯಕ್ಷನ ಕೊಬ್ಬಿನವರೆಗೆ ಭಾಷಣ ಮಾಡಿದ. ಎಮ್ಮೆಗಳೂ ಆಕಳಿಸಿದವು. ಅಷ್ಟು ಹೊತ್ತೂ ಸಿರಿಂಜಿನ ಸೂಜಿ ಬಿಸಿಗಾಳಿಗೆ ಹಾಗೇ ನಿಂತಿತ್ತು.

ಕೊನೆಗೆ ನೀಲಮ್ಮಣ್ಣಿ ಮುಂದೆ ಬಂದು, ಕಣ್ಣು ಮುಚ್ಚಿ, "ಓಂ ನಮಃ ಶಿವಾಯ" ಎಂದು ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಮಿಷನ್ನು ಗುಂಯ್ ಎಂದಿತು. ಸೂಜಿ ಆ ಕಡೆ ಹೋಯಿತು, ಈ ಕಡೆ ಬಂತು. ತಟ್ಟೆಯ ಮೇಲೆ ಏನೂ ಬೀಳಲಿಲ್ಲ.

"ಇನ್ನೊಂದ್ಸಲ ಒತ್ತು ದೊಡ್ಡಜ್ಜಿ" ಎಂದಳು ಶಿವರಂಜನಿ.

ಒತ್ತಿದಳು. ಗುಂಯ್. ಏನೂ ಇಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಯಾರೋ, "ಇದೇನಪ್ಪ, ನೀಲಮ್ಮಣ್ಣಿ ಕೈಗೂ ಇಂಗಾಯ್ತಾ!" ಎಂದರು. ನೀಲಮ್ಮಣ್ಣಿ ಹಿಂದಕ್ಕೆ ಸರಿದು, ಅವಮಾನವಾದವಳಂತೆ ತಲೆ ಬಗ್ಗಿಸಿ ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ನಾನು ನೋಡುತ್ತಿದ್ದದ್ದು ಸೂಜಿಯನ್ನು. ಶಿವರಂಜನಿ ಬಗ್ಗಿ, ಪಿನ್ನು ಹಾಕಿ, ಸೂಜಿಯ ತುದಿಯಿಂದ ಒಣಗಿದ ಹಸಿರು ಗಂಟೊಂದನ್ನು ಮೀಟಿ ತೆಗೆದು ಬಟ್ಟೆಗೆ ಒರೆಸಿದಳು. ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಆಮೇಲೆ ತಲೆಯೆತ್ತಿ, ಹತ್ತಿರ ಇದ್ದವಳು ನಾನೇ ಆದ್ದರಿಂದ, "ಅಜ್ಜಿ, ನೀನೊತ್ತು" ಎಂದಳು.

ಒತ್ತಿದೆ. ಗುಂಯ್ ಎಂದಿತು. ಸೂಜಿಯಿಂದ ಕೂದಲಿನಂಥ ಹಸಿರು ಎಳೆ ಇಳಿಯಿತು. ಒಂದು ಸಾಲು, ಇನ್ನೊಂದು ಸಾಲು, ಅಡ್ಡಕ್ಕೊಂದು. ಅಂಥ ರಂಗೋಲಿಯನ್ನು ದೇವಲೋಕದವರೂ ಹಾಕಿರಲಿಕ್ಕಿಲ್ಲ.

"ಅರೆ! ಸಿದ್ದಲಿಂಗಮ್ಮನ ಕೈಗುಣ ಕಣ್ರಪ್ಪೋ!" ಎಂದ ಶಿವಮಲ್ಲಪ್ಪ. ಜನ ಹೋ ಎಂದರು. ಶಿವರಂಜನಿ ಬಾಯಿ ತೆರೆದಳು, ಸೂಜಿಯ ವಿಷಯ ಹೇಳಲೆಂದೇ ಇರಬೇಕು. ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ನಾನಂತೂ ಕೇಳಿಸಿಕೊಳ್ಳಲಿಲ್ಲ.

ಮನೆಗೆ ನಡೆದು ಬರುವಾಗ ನೀಲಮ್ಮಣ್ಣಿ ದಾರಿಯುದ್ದಕ್ಕೂ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಬಂದಳು. ಬಾಗಿಲ ಹತ್ತಿರ ನಿಂತು ಕೇಳಿದಳು, "ನನ್ ಕೈಗೇನಾಯ್ತೇ ಸಿದ್ದಲಿಂಗಿ?"

ಸೂಜಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. "ವಯಸ್ಸಾಯ್ತು ಬುಡಕ್ಕ. ಎಷ್ಟು ದಿನ ಅಂತ ನಿನ್ ಕೈಯೊಂದೇ ದುಡಿಯೋದು" ಎಂದು ಒಳಗೆ ಬಂದೆ. ಅವತ್ತು ಎರಡು ಮುದ್ದೆ ಉಂಡೆ.

ಮಾರನೆಯ ದಿನ ಅವಳು ಸೆರಗಿನಲ್ಲಿ ಅವರೆ ಬೀಜ ಕಟ್ಟಿಕೊಂಡು ಹಿತ್ತಿಲಿಗೆ ಬಂದಳು. ತನ್ನ ಚಪ್ಪರದ ಬುಡದಲ್ಲಿ ಮಣ್ಣು ಹದ ಮಾಡಿಟ್ಟು ನನ್ನನ್ನು ಕರೆದಳು.

"ಮೊದಲ್ನೇ ಬೀಜ ನೀನೇ ಊರು ಕಣೇ. ನನ್ ಕೈ ಬ್ಯಾಡ" ಎಂದಳು. ಅಣಕವಿರಲಿಲ್ಲ, ಮುನಿಸಿರಲಿಲ್ಲ. ಮಗುವಿನ ಹಾಗೆ ಹೇಳಿದಳು.

ನಾನು ಕೂತು, ಬೆರಳಿನಿಂದ ಗುಳಿ ಮಾಡಿ, ಬೀಜ ಇಟ್ಟೆ. ನೀರು ಎಂದು ಕೈ ಚಾಚಿ ತಿರುಗಿದರೆ, ನೀಲಮ್ಮಣ್ಣಿ ಬಿಂದಿಗೆ ಹಿಡಿದು ನಿಂತಿದ್ದಳು. ಆ ಮುಖ ನನಗೆ ಗೊತ್ತಿದ್ದ ಮುಖವೇ. ಬಾಳೆ ಇಟ್ಟ ದಿನದಿಂದ ನಾನು ಹೊತ್ತು ತಿರುಗಿದ್ದು ಅದನ್ನೇ.

ಆದರೂ ಹೇಳಲಿಲ್ಲ. ಮೊಳಕೆ ಬಾರದೇ ಹೋದರೆ ಅವತ್ತೇ ಸೂಜಿಯ ವಿಷಯ ಹೇಳಿ, ಅವಳ ಕೈಯನ್ನು ಅವಳಿಗೆ ವಾಪಸು ಕೊಟ್ಟುಬಿಡುವುದು ಎಂದುಕೊಂಡೆ. ಬಂದರೆ, ಬಂದ ಮೇಲೆ ನೋಡಿಕೊಂಡರಾಯಿತು.

ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಮಣ್ಣು ಬಿರುಕು ಬಿಟ್ಟು, ಒಳಗೆ ಹಸಿರು ಬೆನ್ನೊಂದು ಬಾಗಿಕೊಂಡು ಮೇಲೇಳುತ್ತಿದೆ. ನೀಲಮ್ಮಣ್ಣಿ ಇನ್ನೂ ಎದ್ದಿಲ್ಲ. ಅದರ ಮೇಲೊಂದು ಬುಟ್ಟಿ ಕವುಚಿ ಹಾಕಿ ಬಂದಿದ್ದೇನೆ, ಯಾರ ಕಣ್ಣೂ ಬೀಳದಿರಲಿ ಎಂದು. ನಿಂಬೆಹಣ್ಣು ಮಾತ್ರ ಹಿಂಡಿಲ್ಲ.